ಕಿಂಗ್ ಕ್ರಿಮ್ಸನ್‌ನ 1969ರ ಟೇಪುಗಳು: ಈ ಕರಕರ ಸದ್ದನ್ನು ಯಾಕೆ ಕೇಳಬೇಕು?

ಪ್ರಶ್ನೆ: ಸರ್, ಕಾಲೇಜಿನ ದಿನಗಳಿಂದ ಇಂಗ್ಲೆಂಡಿನ ರಾಕ್ ಬ್ಯಾಂಡ್ ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಂ ಕೇಳುತ್ತಾ ಬಂದವನು ನಾನು. ಈಚೆಗೆ ಅವರ 1969ರ ಲೈವ್ ರೆಕಾರ್ಡಿಂಗ್‌ಗಳ ‘ಎಪಿಟಾಫ್’ ಸೆಟ್ ಕೈಗೆ ಬಂತು. ಆಸೆಯಿಂದ ಹಾಕಿದರೆ ಕೆಲವು ಕಡೆ ತಗಡಿನ ಡಬ್ಬಿಯೊಳಗೆ ಕೂತು ಬಾರಿಸಿದ ಹಾಗಿದೆ. ಬೇರೆಯಾಗಿ ಸಿಕ್ಕ ಹೈಡ್ ಪಾರ್ಕ್ ಕಛೇರಿಯದ್ದಂತೂ ಇನ್ನೂ ಕಷ್ಟ. ಇದರ ಜೊತೆಗೆ ನಮ್ಮಣ್ಣ 80ರ ದಶಕದಲ್ಲಿ ಯಾರಿಂದಲೋ ಕಾಪಿ ಮಾಡಿಸಿಕೊಂಡಿದ್ದ ಒಂದು ಕ್ಯಾಸೆಟ್ ಇದೆ. ಅದರಲ್ಲಿ ‘ಸ್ಕಿಟ್ಸಾಯ್ಡ್ ಮ್ಯಾನ್’ ಹಾಡು ಆಲ್ಬಂನಲ್ಲಿ ಇರುವುದಕ್ಕಿಂತ ಅರ್ಧ ಸ್ವರ ಮೇಲಿದೆ, ಓಟವೂ ಜೋರು. ವೇದಿಕೆಯ ಮೇಲೆ ಅವರು ಹಾಗೇ ನುಡಿಸುತ್ತಿದ್ದರೋ? ಈಗಿನ ಸಾಫ್ಟ್‌ವೇರ್‌ನಲ್ಲಿ ಇದನ್ನೆಲ್ಲ ಶುದ್ಧ ಮಾಡಲು ಬರುವುದಿಲ್ಲವೇ? ಯಾವುದರಿಂದ ಕೇಳಲು ಶುರು ಮಾಡಲಿ? ಗೆಳೆಯರಂತೂ ಇದು ಹಳೇ ಟೇಪು ಮಾರಿ ದುಡ್ಡು ಮಾಡುವ ದಂಧೆ ಅನ್ನುತ್ತಾರೆ. (ಹುಬ್ಬಳ್ಳಿಯಿಂದ ಓದುಗರೊಬ್ಬರು)

ಉತ್ತರ: ನಿಮ್ಮಣ್ಣನ ಕ್ಯಾಸೆಟ್‌ನಿಂದಲೇ ಶುರು ಮಾಡುತ್ತೇನೆ. ನೀವು ಕೇಳಿದ್ದರಲ್ಲಿ ಲೆಕ್ಕ ಹಾಕಿ ಉತ್ತರ ಹೇಳಬಹುದಾದದ್ದು ಅದೊಂದೇ. ಬ್ಯಾಂಡು ಹಾಗೆ ನುಡಿಸಿದ್ದಲ್ಲ, ಟೇಪು ಹಾಗೆ ಓಡುತ್ತಿದೆ. ಆ ಹಾಡಿನ ಶ್ರುತಿ ಸಿ ಮೈನರ್, ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು. ನಿಮ್ಮ ಕ್ಯಾಸೆಟ್‌ನಲ್ಲಿ ಅದು ಕಪ್ಪು ಒಂದಕ್ಕೆ ಹೋಗಿ ಕೂತಿದೆ. ಶ್ರುತಿ ಮಾತ್ರ ಏರಿ ಲಯ ಹಾಗೇ ಉಳಿದಿದ್ದರೆ ಅವತ್ತು ಅವರೇ ಬೇರೆ ಶ್ರುತಿ ಹಿಡಿದಿದ್ದರು ಅನ್ನಬಹುದಿತ್ತು. ಎರಡೂ ಒಟ್ಟಿಗೆ ಏರಿವೆ ಎಂದ ಮೇಲೆ ಅನುಮಾನ ಬೇಡ. ಗಮನಿಸಿ ನೋಡಿ, ಹಾಡುವವನ ಗಂಟಲು ಕೂಡ ಮೀಸೆ ಚಿಗುರುವ ಹುಡುಗನದರ ಹಾಗೆ ತೆಳ್ಳಗಾಗಿರುತ್ತದೆ. ಅರ್ಧ ಸ್ವರ ಅಂದರೆ ವೇಗದಲ್ಲಿ ಹತ್ತಿರಹತ್ತಿರ ಶೇ. 6ರ ವ್ಯತ್ಯಾಸ. ಏಳು ನಿಮಿಷದ ಹಾಡು 24 ಸೆಕೆಂಡ್ ಮುಂಚೆಯೇ ಮುಗಿದುಹೋಗುತ್ತದೆ.

ಇದು ಆಗುವುದು ಹೀಗೆ. ಯಾರೋ ಒಬ್ಬ ಸೆಲ್ ಹಾಕಿದ ರೆಕಾರ್ಡರನ್ನು ಕೋಟಿನೊಳಗೆ ಅಡಗಿಸಿಕೊಂಡು ಕಛೇರಿಗೆ ಹೋಗಿರುತ್ತಾನೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಸೆಲ್ ಇಳಿದ ಹಾಗೆ ಮೋಟರು ಸೋಲುತ್ತದೆ, ಟೇಪು ನಿಧಾನವಾಗುತ್ತದೆ. ನಿಧಾನಕ್ಕೆ ಬರೆದುಕೊಂಡದ್ದನ್ನು ಆಮೇಲೆ ಮನೆಯ ಡೆಕ್ಕು ಸರಿಯಾದ ವೇಗದಲ್ಲಿ ಓದಿದಾಗ ಎಲ್ಲವೂ ಮೇಲಕ್ಕೇರುತ್ತದೆ. ಸೆಲ್ ವೀಕಾದ ಟೇಪ್ ರೆಕಾರ್ಡರ್‌ನಲ್ಲಿ ಹಾಡು ರಾಗ ಎಳೆಯುವುದನ್ನು ನಾವೆಲ್ಲ ಕೇಳಿದ್ದೇವಲ್ಲ, ಇದು ಅದರ ತಿರುಗುಮುರುಗು. ಅದಕ್ಕೇ ಇಂಥ ಟೇಪುಗಳಲ್ಲಿ ಮೊದಲ ಹಾಡು ಸ್ವಲ್ಪ ಏರಿದ್ದರೆ ಕೊನೆಯ ಹಾಡು ಇನ್ನೂ ಏರಿರುತ್ತದೆ. ಇಡೀ ಕ್ಯಾಸೆಟ್ಟನ್ನು ಒಂದೇ ಅಳತೆಯಲ್ಲಿ ಕೆಳಗಿಳಿಸಿದರೆ ಸರಿಹೋಗುವುದಿಲ್ಲ, ಹಾಡಿನಿಂದ ಹಾಡಿಗೆ, ಕೆಲವೊಮ್ಮೆ ನಿಮಿಷದಿಂದ ನಿಮಿಷಕ್ಕೆ ತಿದ್ದಬೇಕು.

ತಿದ್ದುವುದಕ್ಕೆ ಆಧಾರ ಬೇಕಲ್ಲ? ಆಧಾರ ಸಿಗುವುದು ಎಲ್ಲರೂ ಬೈಯುವ ಗುಂಯ್ ಸದ್ದಿನಲ್ಲಿ. ಇಂಗ್ಲೆಂಡಿನ ಕರೆಂಟು 50 ಹರ್ಟ್ಸ್, ಅಮೆರಿಕದ್ದು 60. ಆಂಪ್ಲಿಫೈಯರುಗಳಿಂದ ಸೋರುವ ಈ ಗುಂಯ್‌ಗುಟ್ಟುವಿಕೆ ಟೇಪಿನಲ್ಲಿ ಸಂಗೀತದ ಕೆಳಗೆ ಒಂದು ಗೆರೆಯ ಹಾಗೆ ಇರುತ್ತದೆ. ಲಂಡನ್ ಕಛೇರಿಯ ಟೇಪಿನಲ್ಲಿ ಆ ಗೆರೆ 53ರ ಹತ್ತಿರ ಕಂಡರೆ ಟೇಪು ಶೇ. 6ರಷ್ಟು ಮುಂದೋಡಿದೆ ಎಂದು ತಿಳಿಯಬೇಕು. ಇಲ್ಲೂ ಒಂದು ಮೋಸ ಉಂಟು. ಆ ಗುಂಯ್ ಕಛೇರಿಯದ್ದೇ ಆಗಿರಬೇಕೆಂದಿಲ್ಲ, ಹತ್ತು ವರ್ಷದ ಮೇಲೆ ಯಾರದೋ ಮನೆಯಲ್ಲಿ ಕಾಪಿ ಮಾಡಿದ ಡೆಕ್ಕಿನದ್ದೂ ಆಗಿರಬಹುದು. ಅಮೆರಿಕದ ಕಛೇರಿಯೊಂದನ್ನು ಇಂಗ್ಲೆಂಡಿನಲ್ಲಿ ಕಾಪಿ ಮಾಡಿದ್ದರೆ 60 ಮತ್ತು 50ರ ಎರಡು ಗೆರೆಗಳು ಒಂದರ ಪಕ್ಕ ಒಂದು ಸಿಗುತ್ತವೆ. ಆಗ ಯಾವುದನ್ನು ನಂಬಬೇಕು ಎಂಬುದನ್ನು ಕಿವಿಯೇ ಹೇಳಬೇಕು.

ಕಿವಿಗೆ ಆಸರೆಯಾಗಬೇಕಿದ್ದ ವಾದ್ಯವೇ ಇಲ್ಲಿ ಕೈಕೊಡುತ್ತದೆ. ಕ್ರಿಮ್ಸನ್‌ನ ಆ ಮೋಡ ಕವಿದಂತಹ ತಂತಿಗಳ ನಾದ ಬರುವುದು ಮೆಲೋಟ್ರಾನ್‌ನಿಂದ. ಅದು ಕೂಡ ಟೇಪಿನ ಯಂತ್ರವೇ. ಒಂದೊಂದು ಕೀಲಿಯ ಕೆಳಗೂ ಒಂದೊಂದು ತುಂಡು ಟೇಪು, ಅದರಲ್ಲಿ ಪಿಟೀಲು ಮೇಳದವರು ನುಡಿಸಿಟ್ಟ ಒಂದು ಸ್ವರ. ಕೀಲಿ ಒತ್ತಿದರೆ ಸುಮಾರು 8 ಸೆಕೆಂಡ್ ಓಡಿ ಟೇಪು ಮುಗಿಯುತ್ತದೆ, ಬೆರಳೆತ್ತಿ ಮತ್ತೆ ಒತ್ತಬೇಕು. ಒಟ್ಟಿಗೆ ಹೆಚ್ಚು ಕೀಲಿ ಒತ್ತಿದರೆ ಮೋಟರು ಏದುಸಿರು ಬಿಟ್ಟು ಶ್ರುತಿ ಜಗ್ಗುತ್ತದೆ. ಹಾಗಾಗಿ 1969ರ ಟೇಪಿನಲ್ಲಿ ಶ್ರುತಿ ಅಲುಗಿದರೆ ಅದು ರೆಕಾರ್ಡರ್ ಅಲುಗಿಸಿದ್ದೋ, ವೇದಿಕೆಯ ಮೇಲೆಯೇ ಅಲುಗಿದ್ದೋ ಎಂದು ಬಿಡಿಸಿ ನೋಡಬೇಕು. ಕೊಳಲೂ ಮೆಲೋಟ್ರಾನೂ ಒಟ್ಟಿಗೆ ಜಾರಿದರೆ ತಪ್ಪು ರೆಕಾರ್ಡರಿನದು. ಕೊಳಲು ನಿಂತಲ್ಲೇ ನಿಂತು ಮೆಲೋಟ್ರಾನ್ ಮಾತ್ರ ಜಾರಿದರೆ ಅದನ್ನು ತಿದ್ದಬಾರದು. ಅವತ್ತು ಸಭೆಯಲ್ಲಿ ಇದ್ದವರು ಕೇಳಿದ್ದೇ ಅದನ್ನು.

ಇನ್ನು ನಿಮ್ಮ ತಗಡಿನ ಡಬ್ಬಿ. ಇಂಥ ರೆಕಾರ್ಡಿಂಗ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ವೇದಿಕೆಯ ಮೈಕುಗಳ ಸದ್ದನ್ನೆಲ್ಲ ಕೂಡಿಸುವ ಮಿಕ್ಸರಿನಿಂದ ನೇರ ತಂತಿ ಎಳೆದು ಮಾಡಿಕೊಂಡದ್ದು. ಇನ್ನೊಂದು, ಜನರ ನಡುವೆ ಮೈಕು ಹಿಡಿದು ಮಾಡಿಕೊಂಡದ್ದು. ಮಿಕ್ಸರಿನದ್ದು ಸ್ವಚ್ಛ, ಜನರ ನಡುವಿನದ್ದು ಕೊಳಕು ಎಂದು ಎಲ್ಲರೂ ತಿಳಿದಿರುತ್ತಾರೆ. ಅರ್ಧ ಮಾತ್ರ ನಿಜ. ಆ ಕಾಲದ ಕ್ಲಬ್ಬುಗಳಲ್ಲಿ ಗಾಯನ, ಕೊಳಲು ಮುಂತಾದ ಮೆಲುದನಿಗಳಿಗೆ ಮಾತ್ರ ಸ್ಪೀಕರಿನ ನೆರವು ಬೇಕಿತ್ತು. ಡ್ರಮ್ಸು ತಾನಾಗಿಯೇ ಕಿವಿ ಕಿತ್ತುಹೋಗುವಷ್ಟು ಜೋರು, ಗಿಟಾರಿಗೆ ಅದರದ್ದೇ ಆಂಪ್ಲಿಫೈಯರು. ಮಿಕ್ಸರಿಗೆ ಹೋದದ್ದಷ್ಟೇ ಟೇಪಿಗೆ ಬರುವುದರಿಂದ ಅಂಥ ರೆಕಾರ್ಡಿಂಗ್‌ನಲ್ಲಿ ಹಾಡುಗಾರ ನಿಮ್ಮ ಕಿವಿಯಲ್ಲೇ ಹಾಡುತ್ತಾನೆ, ಡ್ರಮ್ಸಿನವನು ಪಕ್ಕದ ಬೀದಿಯಲ್ಲಿ ಬಾರಿಸುತ್ತಿರುತ್ತಾನೆ. ಜನರ ನಡುವಿನ ಟೇಪಿನಲ್ಲಿ ಇದು ತಿರುಗುಮುರುಗಾಗಿ ಮಾತು ಮುಳುಗಿಹೋಗುತ್ತದೆ, ಆದರೆ ಬ್ಯಾಂಡಿನ ತೂಕ, ಕೋಣೆಯ ಗಾತ್ರ, ಜನರ ಉಸಿರು ಸಿಗುತ್ತದೆ. ಮೇಲಾಗಿ ಕಾಪಿಯ ಕಾಪಿ. ಪ್ರತಿ ಸಲ ಕಾಪಿ ಮಾಡಿದಾಗಲೂ ಹೊಸ ಟೇಪಿನ ಹಿಸ್ಸು, ಅಂದರೆ ಸುಸ್ಸೆನ್ನುವ ಸದ್ದು, ಹಳೆಯದರ ಮೇಲೆ ಕೂರುತ್ತದೆ, ಮೇಲಿನ ಸ್ವರಗಳು ಸವೆಯುತ್ತವೆ. ಕೈಯಿಂದ ಕೈಗೆ ಐದಾರು ಸಲ ದಾಟಿದ ಟೇಪಿನಲ್ಲಿ ಡ್ರಮ್ಸಿನ ಲೋಹದ ತಟ್ಟೆ ಸಿಂಬಲ್ ತಟ್ಟಿದರೆ ಮರಳು ಸುರಿದ ಹಾಗೆ ಕೇಳುವುದು ಅದಕ್ಕೇ.

ಒಂದು ಪರೀಕ್ಷೆ ಹೇಳುತ್ತೇನೆ, ನಿಮ್ಮಣ್ಣನ ಕ್ಯಾಸೆಟ್‌ನಲ್ಲೇ ಮಾಡಿ ನೋಡಿ. ‘ಸ್ಕಿಟ್ಸಾಯ್ಡ್ ಮ್ಯಾನ್’ನ ನಡುಭಾಗದಲ್ಲಿ ಗಿಟಾರ್, ಸ್ಯಾಕ್ಸಫೋನ್, ಬಾಸ್, ಡ್ರಮ್ಸ್ ಎಲ್ಲ ಒಂದೇ ಉಸಿರಿನಲ್ಲಿ ಓಡಿ, ಗಕ್ಕನೆ ನಿಂತು, ಮತ್ತೆ ಓಡುವ ತುಣುಕು ಬರುತ್ತದಲ್ಲ, ಅಲ್ಲಿ ಆ ಗಕ್ಕನೆ ನಿಲ್ಲುವ ಕಡೆ ಕಿವಿ ಇಡಿ. ಸಣ್ಣ ರೆಕಾರ್ಡರುಗಳಲ್ಲಿ ಸದ್ದಿನ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಏರ್ಪಾಡು ಇರುತ್ತದೆ. ಜೋರು ಬಂದರೆ ತಗ್ಗಿಸುತ್ತದೆ, ನಿಶ್ಶಬ್ದವಾದರೆ ಎತ್ತುತ್ತದೆ. ಬ್ಯಾಂಡು ನಿಂತ ಆ ಕ್ಷಣಾರ್ಧದಲ್ಲಿ ರೆಕಾರ್ಡರು ಗಾಬರಿಯಾಗಿ ಕಿವಿ ದೊಡ್ಡದು ಮಾಡುತ್ತದೆ. ಹಿಸ್ಸು ಅಲೆಯ ಹಾಗೆ ಎದ್ದು ಬರುತ್ತದೆ, ಅದರೊಳಗಿಂದ ಯಾರದೋ ಕೆಮ್ಮು, ಒಂದು ಗ್ಲಾಸಿನ ಠಣ್, ಮತ್ತೆ ಡ್ರಮ್ಸ್ ಬಿದ್ದು ಎಲ್ಲ ಮುಚ್ಚಿಹೋಗುತ್ತದೆ. ಸ್ಟುಡಿಯೊ ಆಲ್ಬಂನಲ್ಲಿ ಆ ನಿಲುಗಡೆಗಳು ಬರೀ ಖಾಲಿ. ಇಲ್ಲಿ ಅವುಗಳಲ್ಲಿ ಜನ ತುಂಬಿದ್ದಾರೆ.

ಶುದ್ಧ ಮಾಡಲು ಬರುವುದಿಲ್ಲವೇ ಎಂದಿರಿ. ಬರುತ್ತದೆ, ಮಿತಿಯೊಳಗೆ. ಆ ಮಿತಿಯನ್ನು ನಾನು ಕಲಿತದ್ದು ಒಂದು ಟೇಪು ಹಾಳು ಮಾಡಿ. ಹೊಟ್ಟೆಪಾಡಿಗೆ ನಾನು ಮಾಡುವುದು ಹಳೇ ಟೇಪುಗಳನ್ನು ಡಿಜಿಟಲ್ ಮಾಡುವ ಕೆಲಸ. ಮನೆಯ ಬೈಠಕ್ಕುಗಳು, ಹರಿಕಥೆ, ತಾಳಮದ್ದಳೆ, ಹೆಚ್ಚಾಗಿ ಇಂಥವೇ. ಶುರುವಿನ ವರ್ಷಗಳಲ್ಲಿ ಒಂದು ಖಯಾಲ್ ಗಾಯನದ ಟೇಪು ಬಂತು, ತುಂಬ ಹಿಸ್ಸು. ಸಾಫ್ಟ್‌ವೇರಿಗೆ ಹಿಸ್ಸಿನ ಮಾದರಿ ತೋರಿಸಿ, ಇದನ್ನೆಲ್ಲ ತೆಗೆ ಎಂದೆ. ತೆಗೆಯಿತು. ನೀರಿನಷ್ಟು ತಿಳಿಯಾಯಿತು ಎಂದು ಹಿಗ್ಗಿ ಮನೆಯವರಿಗೆ ಕೇಳಿಸಿದರೆ, ಆ ಮನೆಯ ಅಜ್ಜಿ ಕೇಳಿದ್ದು ಒಂದೇ ಮಾತು: “ತಂಬೂರಿ ಎಲ್ಲಿ ಹೋಯ್ತಪ್ಪಾ?” ತಂಬೂರಿ ಹೋಗಿತ್ತು. ನಾನು ಮಾದರಿ ತೋರಿಸಿದ ಜಾಗದಲ್ಲಿ ಹಾಡು ಇನ್ನೂ ಶುರುವಾಗಿರಲಿಲ್ಲ, ಆದರೆ ತಂಬೂರಿ ಮೀಟುತ್ತಿತ್ತು. ಎಡೆಬಿಡದೆ ಒಂದೇ ಸಮ ಇರುವ ಸದ್ದನ್ನೆಲ್ಲ ಕಸ ಎಂದು ತಿಳಿಯುವುದು ಆ ಸಾಫ್ಟ್‌ವೇರಿನ ಗುಣ. ಮೂಲ ಟೇಪು ನನ್ನ ಬಳಿಯೇ ಇದ್ದದ್ದರಿಂದ ಮರ್ಯಾದೆ ಉಳಿಯಿತು.

ಮೆಲೋಟ್ರಾನ್‌ನ ತಂತಿನಾದ, ತಟ್ಟಿದ ಮೇಲೆ ಸಿಂಬಲ್ ಕರಗುವ ಬಾಲ, ಇವೂ ಹಿಸ್ಸಿನ ದಾಯಾದಿಗಳೇ. ಹಿಸ್ಸನ್ನು ಪೂರ್ತಿ ಒರೆಸಿದರೆ ಇವೂ ಹೋಗುತ್ತವೆ, ಉಳಿದದ್ದು ನೀರಿನೊಳಗಿಂದ ಗುಳುಗುಳು ಅಂದ ಹಾಗೆ ಕೇಳುತ್ತದೆ. ‘ಎಪಿಟಾಫ್’ನಲ್ಲಿ ಹಿಸ್ಸು ಉಳಿದಿರುವುದನ್ನು ನಾನು ಸೋಮಾರಿತನ ಎನ್ನಲಾರೆ. ಈಗ ವಾದ್ಯಗಳನ್ನೇ ಬೇರೆ ಬೇರೆ ಬಿಡಿಸಿಕೊಡುವ ಹೊಸ ಸಾಫ್ಟ್‌ವೇರುಗಳೂ ಬಂದಿವೆ. ಮುಳುಗಿದ ಗಾಯನವನ್ನು ಒಂದಿಷ್ಟು ಮೇಲೆತ್ತಲು ಉಪಯೋಗಕ್ಕೆ ಬರುತ್ತವೆ. ಆದರೆ ಟೇಪಿಗೆ ಬರದೇ ಇದ್ದದ್ದನ್ನು ಯಾವುದೂ ತಂದುಕೊಡುವುದಿಲ್ಲ. ತಂದುಕೊಟ್ಟ ಹಾಗೆ ಕಂಡರೆ ಅದು ಸಾಫ್ಟ್‌ವೇರಿನ ಊಹೆ.

ಇಷ್ಟು ಕಷ್ಟಪಟ್ಟು ಕೇಳಬೇಕೇ? ನೀವು ‘ಎಪಿಟಾಫ್’ ಹಾಕಿದಾಗ ಮೊದಲು ಹುಡುಕಿದ್ದು ನಿಮಗೆ ಗೊತ್ತಿರುವ ಹಾಡುಗಳನ್ನೇ ಎಂದು ನನ್ನ ಊಹೆ. ಅಲ್ಲೇ ತಪ್ಪಿದ್ದು. ಆಲ್ಬಂನ ಹಾಡನ್ನು ಟೇಪಿನಲ್ಲಿ ಕೇಳಿದರೆ ಅದು ಆಲ್ಬಂನ ಬಡಕಲು ನಕಲಿನ ಹಾಗೇ ಕಾಣುತ್ತದೆ. ಆಲ್ಬಂನಲ್ಲಿ ಇಲ್ಲದ್ದನ್ನು ಹುಡುಕಿಕೊಂಡು ಹೋಗಿ. ಆ ವರ್ಷದ ಕ್ರಿಮ್ಸನ್ ನುಡಿಸಿದ್ದರಲ್ಲಿ ದೊಡ್ಡ ಪಾಲು ಸ್ಟುಡಿಯೊಗೆ ಹೋಗಲೇ ಇಲ್ಲ. ಹೋದದ್ದರಲ್ಲಿ ಕೆಲವು, ಆ ತಂಡ ಒಡೆದ ಮೇಲೆ ಬೇರೆ ರೂಪದಲ್ಲಿ ಹೋದವು.

ಕಾಲದ ಲೆಕ್ಕ ನೋಡಿ. ರಾಬರ್ಟ್ ಫ್ರಿಪ್ ಗಿಟಾರ್, ಗ್ರೆಗ್ ಲೇಕ್ ಬಾಸ್ ಮತ್ತು ಗಾಯನ, ಇಯಾನ್ ಮ್ಯಾಕ್‌ಡೊನಾಲ್ಡ್ ಸ್ಯಾಕ್ಸಫೋನ್, ಕೊಳಲು, ಮೆಲೋಟ್ರಾನ್, ಮೈಕಲ್ ಜೈಲ್ಸ್ ಡ್ರಮ್ಸ್. ಜೊತೆಗೆ ಏನೂ ನುಡಿಸದೆ ಸಾಹಿತ್ಯ ಬರೆದು, ವೇದಿಕೆಯ ಬೆಳಕು ನೋಡಿಕೊಂಡ ಪೀಟರ್ ಸಿನ್‌ಫೀಲ್ಡ್. ಲಂಡನ್ನಿನ ಫುಲ್‌ಹ್ಯಾಮ್ ಪ್ಯಾಲೇಸ್ ರಸ್ತೆಯ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಜನವರಿ 1969ಕ್ಕೆ ತಾಲೀಮು ಶುರು. ಏಪ್ರಿಲ್ 9ಕ್ಕೆ ಸ್ಪೀಕೀಸಿ ಕ್ಲಬ್ಬಿನಲ್ಲಿ ಮೊದಲ ಪ್ರದರ್ಶನ. ಮೂರು ತಿಂಗಳು ತುಂಬುವ ಮೊದಲೇ, ಜುಲೈ 5ರಂದು, ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್‌ಗಿಂತ ಮುಂಚೆ ವೇದಿಕೆ ಏರಿದರು. ಸ್ಟೋನ್ಸ್‌ನ ಬ್ರಯಾನ್ ಜೋನ್ಸ್ ತೀರಿಕೊಂಡು ಎರಡು ದಿನವಾಗಿತ್ತಷ್ಟೆ. ಅವತ್ತು ಸೇರಿದ್ದ ಜನ ಎರಡೂವರೆ ಲಕ್ಷದಿಂದ ಐದು ಲಕ್ಷದವರೆಗೆ ಎಂದು ಅಂದಾಜು. ಬೆಳಗಾದರೆ, ಜುಲೈ 6ಕ್ಕೆ, ಅದೇ ಐವರು ಕೆಲವು ನೂರು ಜನ ಹಿಡಿಸುವ ಮಾರ್ಕೀ ಕ್ಲಬ್ಬಿನಲ್ಲಿ. ಈ ಎರಡೂ ದಿನದ ಟೇಪುಗಳು ಉಳಿದಿವೆ! ಬಯಲಿನಲ್ಲಿ ಲಕ್ಷಾಂತರ ಜನರ ಮುಂದೆ ಹಿಡಿದು ನುಡಿಸಿದವರು ಮರುರಾತ್ರಿ ಇಕ್ಕಟ್ಟಿನ ಕೋಣೆಯಲ್ಲಿ ಹೇಗೆ ಸಡಿಲಾಗುತ್ತಾರೆ ಎಂಬುದನ್ನು ಒಂದರ ಹಿಂದೆ ಒಂದು ಕೇಳಬಹುದು. ಸದ್ದು ಎರಡರಲ್ಲೂ ಕೆಟ್ಟದ್ದೇ, ಬಿಡಿ.

ಆಲ್ಬಂ ರೆಕಾರ್ಡ್ ಆದದ್ದು ಜುಲೈ, ಆಗಸ್ಟ್‌ನಲ್ಲಿ, ವೆಸೆಕ್ಸ್ ಸ್ಟುಡಿಯೊದಲ್ಲಿ. ಅಂಗಡಿಗೆ ಬಂದದ್ದು ಅಕ್ಟೋಬರ್ 10ಕ್ಕೆ. ಆ ತಿಂಗಳ ಕೊನೆಗೆ ಅಮೆರಿಕ ಪ್ರವಾಸ. ಡಿಸೆಂಬರ್ ಮಧ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ವೆಸ್ಟ್‌ನಲ್ಲಿ ಆ ತಂಡದ ಕಥೆ ಮುಗಿಯಿತು. ಮೊದಲ ಪ್ರದರ್ಶನದಿಂದ ಕೊನೆಯದಕ್ಕೆ ಎಂಟು ತಿಂಗಳು ಚಿಲ್ಲರೆ, ಅಷ್ಟೆ. ಆಲ್ಬಂ ಎಂಬುದು ಆ ಎಂಟು ತಿಂಗಳ ನಡುವಿನ ಒಂದು ಫೋಟೊ, ಅದೂ ಪೌಡರ್ ಹಾಕಿ ಕೂರಿಸಿ ತೆಗೆದದ್ದು.

ಟೇಪುಗಳಲ್ಲಿ ಏನೇನಿದೆ? ಗಾಯಕ ಡೊನೊವನ್‌ನ ‘ಗೆಟ್ ದೈ ಬೇರಿಂಗ್ಸ್’ ಹಾಡನ್ನು ಎತ್ತಿಕೊಂಡು ಸ್ಯಾಕ್ಸಫೋನಿನಲ್ಲಿ ಹತ್ತು ನಿಮಿಷ ಬೆಳೆಸುತ್ತಾರೆ. ಅದು ಅಪ್ಪಟ ಜಾಜ್, ಆಲ್ಬಂ ಕೇಳಿದವರಿಗೆ ಈ ಬ್ಯಾಂಡಿನೊಳಗೆ ಇದೊಂದು ಬ್ಯಾಂಡು ಇತ್ತೆಂದು ಗೊತ್ತೇ ಆಗುವುದಿಲ್ಲ. ‘ಮಂತ್ರ’ ಎಂಬ ಮೆಲ್ಲನೆಯ ರಾಗ ಬರುತ್ತದೆ, ಅದು ‘ಟ್ರಾವೆಲ್ ವಿಯರಿ ಕ್ಯಾಪ್ರಿಕಾರ್ನ್’ಗೆ ಜಾರುತ್ತದೆ, ಅಲ್ಲಿಂದ ಮುಂದೆ ಯಾವ ರಾತ್ರಿಯೂ ಇನ್ನೊಂದರ ಹಾಗಿಲ್ಲದ ಮನೋಧರ್ಮ. ‘ಡ್ರಾಪ್ ಇನ್’ ಎಂಬ ಹಾಡಿದೆ, ಎರಡು ವರ್ಷದ ಮೇಲೆ ಅದೇ ರಾಗ ‘ದ ಲೆಟರ್ಸ್’ ಆಗಿ ಬೇರೆ ಮಾತು ತೊಟ್ಟು ಬಂತು. ‘ಎ ಮ್ಯಾನ್, ಎ ಸಿಟಿ’ 1970ರ ಎರಡನೇ ಆಲ್ಬಂನಲ್ಲಿ ‘ಪಿಕ್ಚರ್ಸ್ ಆಫ್ ಎ ಸಿಟಿ’ ಆಯಿತು. ಇದನ್ನು ಆ ಆಲ್ಬಂನಿಂದ ಬಲ್ಲವರು ಮೂಲ ತಂಡದವರು ನುಡಿಸಿದ್ದನ್ನು ಒಮ್ಮೆ ಕೇಳಿ. ಜೈಲ್ಸ್ ತಾಳವನ್ನು ಎಲ್ಲೂ ಗುದ್ದಿ ತೋರಿಸುವುದಿಲ್ಲ, ಸುತ್ತ ಓಡಾಡಿಕೊಂಡೇ ಇರುತ್ತಾನೆ, ಸಮಕ್ಕೆ ಮಾತ್ರ ಸರಿಯಾಗಿ ಮನೆಗೆ ಬರುತ್ತಾನೆ.

ನನಗೆ ಇವೆಲ್ಲದರಲ್ಲಿ ಮೇಲು ‘ಮಾರ್ಸ್’. ಇಂಗ್ಲಿಷ್ ಸಂಯೋಜಕ ಗುಸ್ತಾವ್ ಹೋಲ್ಸ್ಟ್ ಮೊದಲ ಮಹಾಯುದ್ಧದ ಕಾಲದಲ್ಲಿ ಗ್ರಹಗಳ ಮೇಲೆ ಬರೆದ ವಾದ್ಯವೃಂದದ ಕೃತಿಮಾಲೆಯಲ್ಲಿ ಮಂಗಳನ ಭಾಗ ಅದು, ಯುದ್ಧದ ಗ್ರಹ. ಐದೆಣಿಕೆ. ಬಾಯಲ್ಲಿ ಹೇಳಿಕೊಳ್ಳುವುದಾದರೆ ಹೀಗೆ: ತಕಿಟ, ತಾ, ತಾ, ತಕ, ತಾ. ಮೊದಲ ಎಣಿಕೆಯಲ್ಲಿ ಮೂರು ಸಮ ಪೆಟ್ಟು, ನಾಲ್ಕನೆಯದರಲ್ಲಿ ಎರಡು, ಉಳಿದವಕ್ಕೆ ಒಂದೊಂದು. ತೊಡೆಯ ಮೇಲೆ ತಟ್ಟಿಕೊಳ್ಳುತ್ತಾ ಕೇಳಿ. ಇದೊಂದೇ ತಾಳ ಕೊನೆಯವರೆಗೂ ಬದಲಾಗದೆ ಹೋಗುತ್ತದೆ. ಮೊದಲು ಡ್ರಮ್ಸಿನಲ್ಲಿ ಪಿಸುಗುಟ್ಟಿದಂತೆ. ಅದರ ಮೇಲೆ ಮೆಲೋಟ್ರಾನ್ ಅರ್ಧರ್ಧ ಸ್ವರ ಜರುಗುತ್ತಾ ಮೇಲೆ ಬರುತ್ತದೆ. ಅಗ್ಗದ ಟೇಪು ಒಂದು ಹಂತದ ಮೇಲೆ ಅಷ್ಟು ಸದ್ದನ್ನು ಹಿಡಿಯಲಾರದೆ ಕರಗಿ ಬಿರಿಯುತ್ತದೆ. ಸ್ಟುಡಿಯೊದವರು ಇದನ್ನು ದೋಷ ಎನ್ನುತ್ತಾರೆ. ಈ ತುಣುಕಿನ ಮಟ್ಟಿಗೆ ನನಗೆ ಹಾಗನ್ನಿಸಿಲ್ಲ, ಹೊರಗೆ ವಾದ್ಯ ಬಿರಿಯುತ್ತಿರುವಾಗಲೇ ಒಳಗೆ ಟೇಪೂ ಬಿರಿಯುತ್ತದೆ. ಇದೇ ಹೊತ್ತಿಗೆ ಸಿನ್‌ಫೀಲ್ಡ್ ಕಣ್ಣು ಕುಕ್ಕುವ ಸ್ಟ್ರೋಬ್ ದೀಪ ಹಚ್ಚುತ್ತಿದ್ದ. ಅದು ಯಾವ ಟೇಪಿಗೂ ಬರುವುದಿಲ್ಲ, ದೀಪ ಆರಿಸಿ ಊಹಿಸಿಕೊಳ್ಳಬೇಕು. ಎರಡನೇ ಆಲ್ಬಂನಲ್ಲಿ ಇದೇ ‘ದ ಡೆವಿಲ್ಸ್ ಟ್ರಯಾಂಗಲ್’ ಆಗಿ ಬಂದಿತು. ಅಚ್ಚುಕಟ್ಟಾಗಿದೆ. ಭಯ ಹುಟ್ಟಿಸುವುದಿಲ್ಲ.

ಫಿಲ್ಮೋರ್ ವೆಸ್ಟ್‌ನ ಟೇಪಿಗೆ ಇನ್ನೊಂದು ತೂಕವಿದೆ. ಮ್ಯಾಕ್‌ಡೊನಾಲ್ಡ್ ಮತ್ತು ಜೈಲ್ಸ್ ಆ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದಾಗಲೇ ತಂಡ ಬಿಡುವುದಾಗಿ ಹೇಳಿಬಿಟ್ಟಿದ್ದರು. ತಂಡ ಉಳಿಯುವುದಾದರೆ ತಾನೇ ಬಿಡುತ್ತೇನೆ ಎಂದು ಫ್ರಿಪ್ ಹೇಳಿದ, ಅವರು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಲೇಕ್ ಕೂಡ ಎಮರ್ಸನ್, ಲೇಕ್ ಅಂಡ್ ಪಾಮರ್ ಕಟ್ಟಲು ಹೊರಟುಹೋದ. ‘ಎಪಿಟಾಫ್’ನ ಎರಡನೇ ಡಿಸ್ಕಿನಲ್ಲಿ ನೀವು ಕೇಳುವವರು ಇದೆಲ್ಲ ಗೊತ್ತಿದ್ದೂ ವೇದಿಕೆ ಹತ್ತಿದವರು. ನುಡಿಸಾಣಿಕೆಯಲ್ಲಿ ಎಲ್ಲಾದರೂ ಕೈ ಸೋತಿದೆಯೇ ಎಂದು ಹುಡುಕಿದ್ದೇನೆ, ನನಗೆ ಸಿಕ್ಕಿಲ್ಲ.

ನಿಮ್ಮ ಗೆಳೆಯರ ದಂಧೆಯ ಮಾತಿಗೆ ಬರೋಣ. ದಂಧೆ ಇತ್ತು, ಆದರೆ ಅದು ಬೇರೆಯವರದ್ದು. ಇವೇ ಟೇಪುಗಳು ಕಳ್ಳ ರೆಕಾರ್ಡುಗಳಾಗಿ ದಶಕಗಟ್ಟಲೆ ಮಾರಾಟವಾದವು, ನುಡಿಸಿದವರಿಗೆ ಬಿಡಿಗಾಸಿಲ್ಲ. ಕಛೇರಿಯಲ್ಲಿ ಕದ್ದು ರೆಕಾರ್ಡ್ ಮಾಡುವವರ ಮೇಲೆ ಫ್ರಿಪ್‌ಗೆ ಮೊದಲಿನಿಂದಲೂ ಸಿಟ್ಟು. ವಿಪರ್ಯಾಸ ಎಂದರೆ, 1969ರ ತನ್ನ ಬ್ಯಾಂಡನ್ನು ಜಗತ್ತಿಗೆ ಕೇಳಿಸಲು ಅದೇ ಕಳ್ಳರ ಟೇಪುಗಳಿಗೂ ಅವನು ಕೈಚಾಚಬೇಕಾಯಿತು. ಬೇರೆ ದಾರಿಯಿರಲಿಲ್ಲ, ಬಿಬಿಸಿಯಂಥ ಸಂಸ್ಥೆಯೇ ಆ ಕಾಲದಲ್ಲಿ ಟೇಪು ಒರೆಸಿ ಮರುಬಳಕೆ ಮಾಡುತ್ತಿತ್ತು. ಫ್ರಿಪ್ ಮತ್ತು ಡೇವಿಡ್ ಸಿಂಗಲ್ಟನ್ ಕಟ್ಟಿದ ಡಿಜಿಎಂ ಕಂಪನಿ 1997ರಲ್ಲಿ ‘ಎಪಿಟಾಫ್’ ತಂದಿತು. 1998ರಿಂದ ಕಲೆಕ್ಟರ್ಸ್ ಕ್ಲಬ್ ಎಂಬ ಮಾಲೆಯಲ್ಲಿ ಚಂದಾದಾರರಿಗೆ ಒಂದೊಂದೇ ಕಛೇರಿ ಕಳಿಸತೊಡಗಿತು. ಮೊದಲನೆಯದೇ ಮಾರ್ಕೀ ಟೇಪು, ಹೈಡ್ ಪಾರ್ಕ್ ಬಂದದ್ದು 2002ರಲ್ಲಿ. ಸದ್ದು ಹೇಗಿದೆ ಎಂಬುದನ್ನು ಮುಚ್ಚಿಟ್ಟು ಮಾರಿದ್ದೂ ಅಲ್ಲ.

ಕೆಟ್ಟ ಸದ್ದನ್ನು ಹೊರತರುವ ಧೈರ್ಯ ಈ ಬ್ಯಾಂಡಿಗೆ ಹಳೆಯದು. 1972ರಲ್ಲಿ ‘ಅರ್ತ್‌ಬೌಂಡ್’ ಎಂಬ ಲೈವ್ 
ಆಲ್ಬಂ ತಂದರು, ಮಿಕ್ಸರಿನಿಂದ ಒಂದು ಕ್ಯಾಸೆಟ್ ರೆಕಾರ್ಡರಿಗೆ ತಂತಿ ಎಳೆದು ಮಾಡಿಕೊಂಡದ್ದು. ಸದ್ದು ಕೇಳಿ ಅಮೆರಿಕದ ಅಟ್ಲಾಂಟಿಕ್ ಕಂಪನಿ ನಮಗೆ ಬೇಡ ಎಂದುಬಿಟ್ಟಿತು. ಇನ್ನೊಂದು ತುದಿಯೂ ಇದೆ. 1974ರ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ ಎಂಬ ಸ್ಟುಡಿಯೊ ಆಲ್ಬಂನ ದೊಡ್ಡ ಭಾಗ ನಿಜವಾಗಿ ಲೈವ್, ಹೆಚ್ಚಿನದು 1973ರ ನವೆಂಬರ್ 23ರ ಆಮ್ಸ್ಟರ್‌ಡ್ಯಾಮ್ ಕಛೇರಿಯದು, ಚಪ್ಪಾಳೆ ಕತ್ತರಿಸಿ ಹಾಕಿದ್ದಾರೆ. ಅದರಲ್ಲಿ ‘ಟ್ರಿಯೊ’ ಎಂಬ ತುಣುಕಿನ ಉದ್ದಕ್ಕೂ ಡ್ರಮ್ಸಿನ ಬಿಲ್ ಬ್ರೂಫರ್ಡ್ ಕೋಲುಗಳನ್ನು ಎದೆಗವಚಿಕೊಂಡು ಸುಮ್ಮನೆ ಕೂತಿದ್ದ. ಏನೂ ಬಾರಿಸದೆ ಇದ್ದದ್ದೇ ಅವನ ಕೊಡುಗೆ ಎಂದು ರಚನೆಯಲ್ಲಿ ಅವನಿಗೂ ಪಾಲು ಕೊಟ್ಟರು. ಆ ಇಡೀ ಕಛೇರಿ 1997ರಲ್ಲಿ ‘ದ ನೈಟ್ ವಾಚ್’ ಎಂಬ ಹೆಸರಿನಲ್ಲಿ ಚಪ್ಪಾಳೆ ಸಮೇತ ಬಂದಿದೆ.

ಅತಿಗೆ ಹೋದದ್ದೂ ಉಂಟು. 2020ರಲ್ಲಿ 1969ರ ಸಮಗ್ರ ಪೆಟ್ಟಿಗೆ ಬಂತು, 26 ಡಿಸ್ಕುಗಳು. ಎಂಟು ತಿಂಗಳ ಬ್ಯಾಂಡಿಗೆ! ನನ್ನಂಥ ವೃತ್ತಿಯವನಿಗೆ ಅದು ಹಬ್ಬ, ನಿಮಗೆ ಸದ್ಯಕ್ಕೆ ಬೇಡ. ಅದೇ ಹಾಡಿನ ಹತ್ತನೇ ರೂಪ ಕೇಳುವ ಹೊತ್ತಿಗೆ ಮೊದಲನೆಯದರ ರುಚಿಯೂ ಹೋಗಿರುತ್ತದೆ.

ಶುರು ಮಾಡುವುದಾದರೆ ‘ಎಪಿಟಾಫ್’ನ ಎರಡನೇ ಡಿಸ್ಕ್, ಫಿಲ್ಮೋರ್ ವೆಸ್ಟ್. ಅದರಲ್ಲೂ ‘ಎ ಮ್ಯಾನ್, ಎ ಸಿಟಿ’ ಮತ್ತು ‘ಮಾರ್ಸ್’ ಮೊದಲು. ಇಯರ್‌ಫೋನ್ ಬೇಡ, ಅದು ಹಿಸ್ಸನ್ನು ತಲೆಯೊಳಗೇ ತಂದು ಸುರಿಯುತ್ತದೆ. ಸ್ಪೀಕರಿನಲ್ಲಿ, ಸ್ವಲ್ಪ ಜೋರಾಗಿ ಕೇಳಿ. ಐದು ನಿಮಿಷ ತಡೆದುಕೊಂಡರೆ ಕಿವಿ ತಾನೇ ಹಿಸ್ಸನ್ನು ಪಕ್ಕಕ್ಕಿಡುತ್ತದೆ, ಮಳೆಯಲ್ಲಿ ಜಗಲಿ ಮೇಲೆ ಕೂತು ಮಾತಾಡುವಾಗ ಮಳೆಯ ಸದ್ದು ಪಕ್ಕಕ್ಕೆ ಸರಿಯುತ್ತದಲ್ಲ, ಹಾಗೆ. ಆಮೇಲೆ ಮೊದಲ ಡಿಸ್ಕಿನ ಫಿಲ್ಮೋರ್ ಈಸ್ಟ್, ನ್ಯೂಯಾರ್ಕಿನದು. ಪ್ಲಂಪ್ಟನ್ ಉತ್ಸವದ ಆಗಸ್ಟ್ 9ರ ಟೇಪು, ಚೆಸ್ಟರ್‌ಫೀಲ್ಡ್ ಜಾಜ್ ಕ್ಲಬ್ಬಿನ ಸೆಪ್ಟೆಂಬರ್ 7ರ ಟೇಪು ಇನ್ನೂ ದೂರದವು, ತಿಂಗಳು ಬಿಟ್ಟು ಬನ್ನಿ. ಹೈಡ್ ಪಾರ್ಕ್ ಎಲ್ಲಕ್ಕಿಂತ ಕೊನೆಗೆ. ಅದರ ಹೆಸರು ದೊಡ್ಡದೆಂದು ಎಲ್ಲರೂ ಅದರಿಂದಲೇ ಶುರು ಮಾಡಿ ಸೋಲುತ್ತಾರೆ.

ನಿಮ್ಮಣ್ಣನ ಕ್ಯಾಸೆಟ್ ಯಾವ ವರ್ಷದ್ದು ಎಂದು ಕಂಡುಹಿಡಿಯುವುದು ಸುಲಭ. ಕೊಳಲು, ಮೆಲೋಟ್ರಾನ್, ಲೇಕ್‌ನ ತುಂಬುಗಂಟಲು ಇದ್ದು ‘ಗೆಟ್ ದೈ ಬೇರಿಂಗ್ಸ್’ ಬಂದರೆ 1969. ಗಾಯಕ ಬೇರೆಯಾಗಿ, ಸ್ಯಾಕ್ಸಫೋನ್ ಕುಣಿಯುವ ಧಾಟಿಯಲ್ಲಿದ್ದರೆ ಬಾಜ್ ಬರೆಲ್ ಹಾಡುತ್ತಿದ್ದ 1971-72ರ ತಂಡ. ಪಿಟೀಲು ಕೇಳಿದರೆ ಡೇವಿಡ್ ಕ್ರಾಸ್ ಇದ್ದ 1972ರಿಂದ 74ರ ಕಾಲದ್ದು. ಕೇಳುವ ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡೂ ಪ್ಲಾಸ್ಟಿಕ್ ಟ್ಯಾಬುಗಳನ್ನು ಮುರಿದುಬಿಡಿ, ತಪ್ಪಿ ಅದರ ಮೇಲೆ ಬೇರೇನೂ ರೆಕಾರ್ಡ್ ಆಗದಿರಲಿ. ಒಂದು ಸಲ ಪೂರ್ತಿ ಮುಂದಕ್ಕೋಡಿಸಿ ಹಿಂದಕ್ಕೆ ಸುತ್ತಿ, ವರ್ಷಗಟ್ಟಲೆ ಕೂತ ಟೇಪು ಅಂಟಿಕೊಂಡಿರುತ್ತದೆ. ಡೆಕ್ಕಿನ ಹೆಡ್ ಸ್ಪಿರಿಟ್‌ನಲ್ಲಿ ಒರೆಸಿ. ಡೆಕ್ಕಿನಲ್ಲಿ ಹಿಸ್ಸು ತಗ್ಗಿಸುವ ಡಾಲ್ಬಿ ಬಟನ್ ಆಫ್ ಇರಲಿ. ಡಿಜಿಟಲ್ ಮಾಡುವಾಗ ವೇಗ ತಿದ್ದಲು ಹೋಗಬೇಡಿ, ಹಿಸ್ಸೂ ತೆಗೆಯಬೇಡಿ, ಇದ್ದದ್ದು ಇದ್ದ ಹಾಗೆ ಹಿಡಿದಿಡಿ. ತಿದ್ದುವುದನ್ನೆಲ್ಲ ಕಾಪಿಯ ಮೇಲೆ ಮಾಡಬಹುದು. ಮೊದಲ ಹಾಡು ಶುರುವಾಗುವ ಮುಂಚಿನ ಹತ್ತು ಸೆಕೆಂಡು, ಎಲ್ಲರೂ ಕತ್ತರಿಸಿ ಎಸೆಯುವ ಆ ಖಾಲಿ ಭಾಗ, ಅದನ್ನು ಖಂಡಿತ ಉಳಿಸಿಕೊಳ್ಳಿ. ಗುಂಯ್‌ನ ಗೆರೆ ಸ್ಪಷ್ಟವಾಗಿ ಸಿಗುವುದು ಅಲ್ಲೇ.